ಭಯ ಬಿಡಿಸಿದ ಒರೆಸ್ಟ್

ಸಾಸ್ಕಟೂನ್, ಕೆನಡಾ, ಮಂಗಳವಾರ

ಮ್ಯಾವಿಸಕ್ಕಾ,

ನಮ್ಮೂರ ಮಳೆಯಲ್ಲಷ್ಟೇ ಕಾರು ಓಡಿಸಿದ್ದವಳು ನಾನು. ಇಲ್ಲಿ ಹಿಮದಲ್ಲಿ ಜಾರಿ ಚರಂಡಿಗೆ ಇಳಿದ ಮೇಲೆ ಸ್ಟೀರಿಂಗ್ ಹಿಡಿಯಲೂ ಭಯವಾಗುತ್ತಿತ್ತು. ಮಗಳ ಹೆರಿಗೆ ಹತ್ತಿರ ಬಂತು, ಅವಳ ಊರಿಗೆ ಮೂರು ಗಂಟೆಯ ದಾರಿ. ಅದಕ್ಕೇ ಸಮ್ಮೋಹನ ಮಾಡಿ ಭಯ ಬಿಡಿಸುವ ಒರೆಸ್ಟ್ ಎಂಬವರ ಮನೆಗೆ ಹೆದರುತ್ತಲೇ ಕಾರು ಓಡಿಸಿಕೊಂಡು ಹೋದೆ. ಕಣ್ಣು ಮುಚ್ಚಿಸಿ, "ಹಿಮ ಅಂದ್ರೆ ಹತ್ತಿ ಇದ್ದಂಗೆ, ಡೋರೀನ್. ಯಾರು ಏನೇ ಮಾಡ್ಲಿ, ನಿಮ್ಮ ಮನಸ್ಸು ಅಲ್ಲಾಡಲ್ಲ" ಎಂದು ಮುಕ್ಕಾಲು ಗಂಟೆ ಹೇಳಿದರು.

ನಿಜಕ್ಕೂ ಅಲ್ಲಾಡಲಿಲ್ಲ. ಹಾಡಿಕೊಂಡು ಮನೆಗೆ ಹೊರಟೆ. ದಾರಿಯುದ್ದಕ್ಕೂ ಜನ ಹಾರನ್ ಹೊಡೆದು ಕೈ ಬೀಸಿದರು, ನಾನೂ ಬೀಸಿದೆ. ಮನೆಗೆ ಬಂದು ನೋಡಿದರೆ, ಇಲ್ಲಿನ ಚಳಿಗೆ ಇಂಜಿನ್ ಹೆಪ್ಪುಗಟ್ಟದಿರಲೆಂದು ಒರೆಸ್ಟ್ ಮನೆಯ ಕರೆಂಟಿಗೆ ಸಿಕ್ಕಿಸಿದ್ದ ಕಾರಿನ ವೈರನ್ನು ನಾನು ಬಿಚ್ಚಿಯೇ ಇರಲಿಲ್ಲ. ಅದರ ಹಿಂದೆ ಅವರ ಗೋಡೆಯ ಪ್ಲಗ್ ಬೋರ್ಡು, ಬೋರ್ಡಿನ ಹಿಂದೆ ಕ್ರಿಸ್‌ಮಸ್ ದೀಪದ ಸರ, ಎಲ್ಲ ಮೆರವಣಿಗೆಯಲ್ಲಿ ಬಂದಿದ್ದವು.

ಫೋನ್ ಮಾಡಿ ವಿಷಯ ಹೇಳಿದೆ. ಒರೆಸ್ಟ್ ಹೊರಗೆ ಹೋಗಿ ಗೋಡೆ ನೋಡಿ ಬಂದರು. "ನಾಳೆ ಬನ್ನಿ, ಒಂಚೂರು ಭಯ ವಾಪಸ್ ಹಾಕ್ತೀನಿ" ಎಂದರು. "ಬಸ್ಸಲ್ಲಿ ಬನ್ನಿ."

ನನ್ನ ಮಂಡಿನೋವು ಈಗ ಪರವಾಗಿಲ್ಲ, ಬಸ್ ಹತ್ತಬಲ್ಲೆ. ಬೋರ್ಡು ಚೀಲಕ್ಕೆ ಹಾಕಿಕೊಂಡೆ, ದೀಪದ ಸರ ಅದರಲ್ಲಿ ಹಿಡಿಯುತ್ತಿಲ್ಲ.

ಡೋರೀನ್