ಹಳದಿ ಬಟ್ಟೆಯ ಗಂಟು

ಗೋವಿನಕೋವಿ,
ಹೊನ್ನಾಳಿ ತಾಲ್ಲೂಕು
೨-೮-೧೯೮೨

ಪ್ರೀತಿಯ ಅವ್ವನಿಗೆ,

ನಿನ್ನ ಮಗಳು ಶಿವಗಂಗಳ ನಮಸ್ಕಾರ. ಮಂಡಿನೋವು ಹೇಗಿದೆ? ನಾನು ಕಳಿಸಿದ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲಾ ಶೀಶೆಯನ್ನು ಗೂಡಿನಲ್ಲಿಟ್ಟು ಚೆಂದ ನೋಡುತ್ತಿದ್ದೀಯೋ? ತಮ್ಮಾ ಹಾಲಸ್ವಾಮಿ, ಅವ್ವನಿಗೆ ಇದನ್ನು ಓದಿ ಹೇಳುವಾಗ ನಿನಗೆ ಬೇಕಾದ್ದನ್ನಷ್ಟೇ ಓದಿ ಉಳಿದದ್ದನ್ನು ನುಂಗಬೇಡ. ಪೂರ್ತಿ ಓದು. ನಾನು ಚೆನ್ನಾಗಿದ್ದೇನೆ ಅವ್ವ. ಹೊಟ್ಟೆಯೊಳಗಿರುವುದೂ ಚೆನ್ನಾಗಿದೆ. ಒದೆಯುವ ರಭಸ ನೋಡಿದರೆ ಸಿಟ್ಟಿನಲ್ಲಿ ನಿನ್ನನ್ನೇ ಹೋಲುವ ಹಾಗಿದೆ.

ಏಳು ತುಂಬುತ್ತಾ ಬಂತು, ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು, ಮಳೆಗಾಲದಲ್ಲಿ ಆ ಹೊಳೆದಂಡೆಯ ಊರಿನಲ್ಲಿರಬೇಡ, ರಜೆ ಹಾಕಿ ಜಗಳೂರಿಗೆ ಬಾ ಎಂದು ನೀನು ಬರೆಸಿದ್ದೆ. ಉತ್ತರ ತಡವಾಯಿತೆಂದು ಮುಖ ಊದಿಸಿಕೊಂಡಿರಬೇಡ. ಹೋದ ವಾರ ಹೊಳೆ ಊರೊಳಗೇ ಬಂದಿತ್ತು. ಹೆದರಬೇಡ, ಕೆಳಗಿನ ಓಣಿಯಲ್ಲಿ ಮೊಣಕಾಲುದ್ದ ನೀರು ನಿಂತಿತ್ತು, ಯಾರ ಜೀವಕ್ಕೂ ಏನೂ ಆಗಲಿಲ್ಲ. ಎಲ್ಲರೂ ಉಳಿದದ್ದು ತನ್ನಷ್ಟಕ್ಕೆ ಆದದ್ದಲ್ಲ, ನಿನ್ನ ಮಗಳು ನರ್ಸ್ ಆಗಿ ಇಲ್ಲಿ ಸುಮ್ಮನೆ ಕೂತಿಲ್ಲ ಎಂದು ತಿಳಿದುಕೋ.

ನೀರು ಏರಿತೆಂದರೆ ಇಲ್ಲಿಯವರು ಮೊದಲು ದನ ಬಿಚ್ಚುತ್ತಾರೆ, ಆಮೇಲೆ ಭತ್ತದ ಚೀಲ ಹೊರುತ್ತಾರೆ, ಮನುಷ್ಯರು ಕೊನೆಗೆ. ಓಡಬಲ್ಲವರಿಗೆ ಅದು ಸರಿ. ಕೆಳಗಿನ ಓಣಿಯ ದಮ್ಮಿನ ಕಾಯಿಲೆಯ ಇಮಾಮ್‌ಬೀ ಓಡುವುದು ಹೇಗೆ? ಚೌಡಮ್ಮನ ಮಗಳು ನಿರ್ಮಲಳಿಗೆ ಮೂರ್ಛೆರೋಗ, ಮಾತ್ರೆ ತಪ್ಪಿದರೆ ನಿಂತಲ್ಲೇ ಬೀಳುತ್ತಾಳೆ. ಅದಕ್ಕೇ ಮಳೆ ಹಿಡಿಯುವ ಮುಂಚೆ ಇಂಥ ಮನೆಗಳಿಗೆಲ್ಲ ಹೋಗಿ, ಯಾರು ಯಾರ ಗಾಡಿ ಹತ್ತಬೇಕೆಂದು ಗೊತ್ತುಮಾಡಿ, ಮಾತ್ರೆ, ಡಾಕ್ಟರ ಚೀಟಿ, ಒಗೆದ ಬಟ್ಟೆ ಹಾಕಿ ಒಂದೊಂದು ಗಂಟು ಕೊಟ್ಟಿದ್ದೆ. ವಾರ ಬಿಟ್ಟು ಹೋಗಿ ನೋಡಿದರೆ ಬಟ್ಟೆ ಅಡುಗೆಮನೆ ಸೇರಿತ್ತು, ನಿರ್ಮಲಳ ಮಾತ್ರೆ ಪಕ್ಕದ ಮನೆಯವರ ತಲೆನೋವಿಗೆ ಹೋಗಿತ್ತು. ಮೈಯೆಲ್ಲ ಉರಿಯಿತು. ಬಾಯಿಗೆ ಬಂದ ಹಾಗೆ ಬೈದೆ. ಬೈದರೆ ಕೇಳುವ ಜನವೇ? ಮತ್ತೆ ಮಾತ್ರೆ ತಂದು, ಈ ಸಲ ಗಂಟನ್ನು ಅರಿಶಿನ ಹಚ್ಚಿದ ಬಟ್ಟೆಯಲ್ಲಿ ಕಟ್ಟಿ, ವಿಭೂತಿ ಬಳಿದು, ಮನೆದೇವರ ಮುಡುಪಿನ ಹಾಗೆ ದೇವರ ಗೂಡಿನಲ್ಲಿ ಇಡಿಸಿದೆ. ಇಮಾಮ್‌ಬೀಯವರಿಗೆ ಹಸಿರು ಬಟ್ಟೆ. ನರ್ಸಮ್ಮ ಭಾಳ ಹುಷಾರು ಎಂದು ಅವರು ನಕ್ಕಿದ್ದೇ ನಕ್ಕಿದ್ದು. ಆಮೇಲೆ ಒಬ್ಬರೂ ಗಂಟು ಮುಟ್ಟಲಿಲ್ಲ.

ನೀರು ಬಂದ ದಿನ ಗಾಡಿಯ ಬುಡನ್‌ಸಾಬ್ ತನ್ನ ಭತ್ತವನ್ನು ಹಾಗೇ ಬಿಟ್ಟು, ನಾನು ಹೇಳಿದಂತೆ ಮೊದಲು ಇಮಾಮ್‌ಬೀಯನ್ನೂ ನಿರ್ಮಲಳನ್ನೂ ಗಾಡಿ ಹತ್ತಿಸಿದ. ಚೌಡಮ್ಮ ಪಾತ್ರೆಪಗಡೆ ಎಲ್ಲ ಬಿಟ್ಟು ಆ ಗಂಟೊಂದನ್ನೇ ಎದೆಗವಚಿಕೊಂಡು ಬಂದಳು. ಎಲ್ಲರನ್ನೂ ದಿಬ್ಬದ ಮೇಲಿನ ಶಾಲೆಯಲ್ಲಿ ಕೂರಿಸಿ ನಾನು ಬೀಗುತ್ತಿದ್ದೆ. ಅಷ್ಟರಲ್ಲಿ ನಿರ್ಮಲಳ ತುಟಿ ಒಂದು ಕಡೆ ಅದುರಲು ಶುರುವಾಯಿತು. ಗಡಿಬಿಡಿಯಲ್ಲಿ ಮಾತ್ರೆಯ ಹೊತ್ತು ಮೀರಿತ್ತು. ಗಂಟು ಕೊಡು ಎಂದರೆ ಚೌಡಮ್ಮ ಕೊಡಲೊಲ್ಲಳು. ಮೈಲಿಗೆಯಲ್ಲಿ, ಕೆಸರುಗಾಲಲ್ಲಿ ಮುಡುಪು ಬಿಚ್ಚಿದರೆ ದೇವರು ಸುಮ್ಮನಿರುತ್ತಾನೆಯೇ ಎಂದು ಹಟ. ಒಳಗೆ ಮಾತ್ರೆಯಿದೆ ಎಂಬುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ದಿನಾ ಕೈಮುಗಿದು ಮುಗಿದು ಅದು ಅವಳಿಗೆ ನಿಜವಾಗಿಯೂ ಮುಡುಪೇ ಆಗಿಬಿಟ್ಟಿತ್ತು. ಕಿತ್ತುಕೊಳ್ಳಲು ಹೋದರೆ ಇನ್ನೂ ಬಿಗಿಯಾಗಿ ಹಿಡಿದಳು.

ಅವಳ ಪಕ್ಕದಲ್ಲಿ ಕೂತೆ. "ಚೌಡಮ್ಮ, ಇದನ್ನ ಕಟ್ಟಿದ್ದು ನನ್ನ ಕೈ. ಕಟ್ಟಿದ ಕೈ ಬಿಚ್ಚಾಕೆ ಯಾವ ದೋಷಾನೂ ಇಲ್ಲ, ಕೊಡ್ರಿ" ಎಂದೆ. ನನ್ನ ಮುಖ ನೋಡಿದಳು, ಗಂಟನ್ನು ಕಣ್ಣಿಗೊತ್ತಿಕೊಂಡು ನನ್ನ ಮಡಿಲಿಗೆ ಹಾಕಿದಳು. ನಿರ್ಮಲ ಮಾತ್ರೆ ನುಂಗಿ ನನ್ನ ತೊಡೆಯ ಮೇಲೇ ಮಲಗಿದಳು. ಮೂರ್ಛೆ ಬರಲಿಲ್ಲ. ಸಂತೋಷಕ್ಕೆ ನನಗೆ ಅಳುವೇ ಬಂತು ಅವ್ವ.

ಈಗ ನೋಡು, ನರ್ಸಮ್ಮ ಕಟ್ಟಿದ್ದನ್ನು ನರ್ಸಮ್ಮನೇ ಬಿಚ್ಚಬೇಕೆಂದು ಓಣಿಯಲ್ಲೆಲ್ಲ ಶಾಸ್ತ್ರವಾಗಿಬಿಟ್ಟಿದೆ. ನಾನು ಇಲ್ಲದ ದಿನ ಗತಿಯೇನು? ಅದಕ್ಕೇ ಮನೆ ಮನೆಗೆ ಹೋಗಿ ಎಲ್ಲ ಗಂಟನ್ನೂ ಬಿಚ್ಚಿ, ಆಯಾ ಮನೆಯ ಹೆಂಗಸರ ಕೈಯಿಂದಲೇ ಮತ್ತೆ ಕಟ್ಟಿಸುತ್ತಿದ್ದೇನೆ. ಕಟ್ಟಿದವರು ಬಿಚ್ಚಬಹುದಲ್ಲ! ಚೌಡಮ್ಮನದು ಆಯಿತು. ಇನ್ನೂ ಅರ್ಧ ಓಣಿ ಉಳಿದಿದೆ, ಮಳೆಯೂ ಉಳಿದಿದೆ. ಸಿಟ್ಟಾಗಬೇಡ, ಜಗಳೂರಿಗೆ ನಾನು ಬರುವುದಿಲ್ಲ.

ಅಪ್ಪನಿಗೆ ನಮಸ್ಕಾರ ತಿಳಿಸು. ನಿನ್ನ ಅಳಿಯಂದಿರೂ ನಿಮ್ಮೆಲ್ಲರನ್ನೂ ಕೇಳಿದ್ದಾರೆ.

ಇಂತಿ ನಿನ್ನ ಹಟಮಾರಿ ಮಗಳು,
ಶಿವಗಂಗ

ಮರೆತೆ. ಟಪಾಲಿನವರು ಬಾಗಿಲಲ್ಲಿ ನಿಂತಿದ್ದಾರೆ. ಹಾಲಸ್ವಾಮಿ, ಇದನ್ನು ನಿಧಾನವಾಗಿ ಓದು. ಅವ್ವ, ನನ್ನ ಹೆರಿಗೆಗೆ ಬೇಕಾದ ಹೊಸ ಬ್ಲೇಡು, ಕುದಿಸಿದ ದಾರ, ಮೆತ್ತನೆಯ ಹಳೆ ಸೀರೆ ಎಲ್ಲ ಹಳದಿ ಬಟ್ಟೆಯ ಮೇಲೆ ಜೋಡಿಸಿಟ್ಟಿದ್ದೇನೆ. ಕಟ್ಟಿಲ್ಲ. ನಾನೇ ಕಟ್ಟಿದರೆ, ನೋವು ಬಂದಾಗ ಬಿಚ್ಚುವವರು ಯಾರು? ಬಂದು ಕಟ್ಟು.