ಬಾಗಿಲ ಬಳಿಯ ಕುರ್ಚಿ

ನರೀನ್ ಪಟ್ಟಣ, ಮೇ ಇಪ್ಪತ್ತು

ಮಂದೆಯನ್ನು ಕಾಯುತ್ತಿರುವ ಮಗಳು ಜಿಪಾರ್‌ಳಿಗೆ, ಆಶೀರ್ವಾದಪೂರ್ವಕವಾಗಿ ತಂದೆಯ ಮನವಿ.

೧. ಮನವಿದಾರ: ತುರ್ದಾಕುನ್, ಕುರಿಗಾಹಿ, ವಿಧುರ, ವಯಸ್ಸು ಎಪ್ಪತ್ತೊಂದು.
೨. ಘಟನೆ: ಚಳಿಗಾಲದ ಕೊನೆಯಲ್ಲಿ, ಹೆಪ್ಪುಗಟ್ಟಿದ ಹೊಳೆಯ ಮೇಲೆ ಕುದುರೆ ಜಾರಿ, ಮನವಿದಾರನ ಮೇಲೆ ಬಿದ್ದು, ಸೊಂಟದ ಮೂಳೆ ಮುರಿದದ್ದು. ಕುದುರೆ ಕ್ಷೇಮ.
೩. ಸದ್ಯದ ಸ್ಥಿತಿ: ಆಸ್ಪತ್ರೆಯಲ್ಲಿ ಊರುಗೋಲಿನ ಆಸರೆಯಿಂದ ನಡಿಗೆ.
೪. ಕೋರಿಕೆ: ಬೇಸಿಗೆ ಹುಲ್ಲುಗಾವಲಿನ ನಮ್ಮ ಗುಡಾರದಲ್ಲಿ ನನಗೆಂದು ಬಾಗಿಲ ಬಳಿ ಕುರ್ಚಿ ಹಾಕಬಾರದೆಂಬುದು.

ಮಗಳೇ, ಊರಿನವರ ಅರ್ಜಿಗಳನ್ನು ನಕಲು ಮಾಡುತ್ತಾ ಕಲಿತ ಬರವಣಿಗೆ ನನಗೆ ಇದೊಂದೇ. ಆದ್ದರಿಂದ ಇದರಲ್ಲಿಯೇ ಕೇಳುತ್ತಿದ್ದೇನೆ.

ಕಳೆದ ಭಾನುವಾರ ಬಂದಾಗ ನೀನು, "ಅಪ್ಪಾ, ನೆಲದ್ಮೇಲೆ ಕೂತ್ರೆ ನಿನ್ನ ಎಬ್ಸೋರ್ಯಾರು? ಬಾಗ್ಲ ಹತ್ರ ಕುರ್ಚಿ ಹಾಕ್ತೀನಿ, ಸುಮ್ನೆ ಕೂತ್ಕೊ" ಎಂದೆ. ಪ್ರೀತಿಯಿಂದಲೇ ಹೇಳಿದೆ, ಬಲ್ಲೆ. ಆದರೆ ಬಾಗಿಲ ಬಳಿ ಕೂರುವವರು ಚಿಕ್ಕವರು, ಚಹಾ ಬಗ್ಗಿಸುವವರು, ಇನ್ನೇನು ಎದ್ದು ಹೋಗಬೇಕಾದವರು. ಬಾಗಿಲಿಗೆ ಎದುರು, ಒಟ್ಟಿದ ಕೌದಿಗಳಿಗೆ ಬೆನ್ನು ಕೊಟ್ಟು ಕೂರುವ ಜಾಗ ನನ್ನ ತಂದೆಯದಾಗಿತ್ತು. ಅವರ ನಂತರ ನನ್ನದಾಯಿತು. ಔತಣದಲ್ಲಿ ಮರ್ಯಾದೆಗೆಂದು ಬೆಂದ ಕುರಿಯ ತಲೆಯನ್ನು ಹಿರಿಯನ ಮುಂದಿಡಲು ಬಾಗಿಲ ಕಡೆಗೆ ತಿರುಗಿದವರನ್ನು ನಾನು ಇದುವರೆಗೆ ಕಂಡಿಲ್ಲ.

ಇಲ್ಲಿ ಎಲ್ಲವೂ ಎತ್ತರದಲ್ಲಿದೆ. ಮಂಚದಿಂದ ಏಳುವುದನ್ನು ಕಲಿಸಿದರು, ಕುರ್ಚಿಯಿಂದ ಏಳುವುದನ್ನು ಕಲಿಸಿದರು. ನಮ್ಮ ಬದುಕೆಲ್ಲ ನೆಲದ ಮೇಲೆಂಬುದು ಯಾರಿಗೂ ನೆನಪಾಗಲಿಲ್ಲ. ನನಗೂ ಆಗಲಿಲ್ಲ, ನೀನು ಆ ಮಾತು ಆಡುವವರೆಗೆ. ನೆಲದಿಂದ ಏಳುವುದನ್ನು ಕಲಿಸೆಂದು ಮರುದಿನವೇ ವ್ಯಾಯಾಮ ಮಾಡಿಸುವ ಚೋಲ್ಪೋನ್‌ಳನ್ನು ಕೇಳಿದೆ.

"ತಾತಾ, ಬಿದ್ರೆ ಮತ್ತೆ ಆಪರೇಷನ್ನು. ಆಮೇಲೆ ನನ್ನ ಬೈಬಾರ್ದು" ಎಂದಳು.

"ನಿನ್ನ ಬಯ್ಯೋಕಾದ್ರೂ ಎದ್ದು ನಿಲ್ತೀನಿ ಬಿಡಮ್ಮ" ಎಂದೆ.

ಆಕೆ ನಗುತ್ತಲೇ ದಪ್ಪನೆಯ ಹಾಸಿಗೆ ಹಾಸಿದಳು. ಕೂರುವುದೇನೋ ಆಯಿತು, ಏಳಲು ಆಗಲಿಲ್ಲ. ಅಂಗಾತ ಬಿದ್ದ ಕುರಿಯಂತೆ ಒದ್ದಾಡಿದೆ. ಪಕ್ಕದ ಮಂಚದ ಲಾರಿ ಚಾಲಕ ಮೆದೆರ್, ಬೆನ್ನು ಮುರಿದುಕೊಂಡು ಮಲಗಿದ್ದರೂ ನಾಲಿಗೆ ಗಟ್ಟಿ, "ತಾತಾ, ಚಹಾ ಅಲ್ಲಿಗೇ ಕಳ್ಸೋಕೆ ಹೇಳ್ಲಾ?" ಎಂದ. ನಗು ಬಂತು, ನಗಲು ಶಕ್ತಿ ಇರಲಿಲ್ಲ.

ದಣಿದಿದ್ದೇನೆ, ಮಗಳೇ. ಇದು ಕಾಲಿನ ದಣಿವಲ್ಲ. ಮಲಗಲು, ಕೂರಲು, ಬಚ್ಚಲಿಗೆ ಹೋಗಲು ಅಪ್ಪಣೆ ಬೇಡಿ ಬೇಡಿ ಬಂದ ದಣಿವು. ಕುರ್ಚಿಯೇ ಸಾಕೆಂದು ಬರೆದುಬಿಡೋಣವೆಂದು ಎಷ್ಟೋ ಬಾರಿ ಅನ್ನಿಸಿತು. ಬರೆಯಲಿಲ್ಲ.

ಈಗ ಒಂದು ಪಕ್ಕಕ್ಕೆ ಹೊರಳಿ, ಮೊಣಕಾಲೂರಿ, ಯಾರ ಕೈಯನ್ನೂ ಹಿಡಿಯದೆ ಏಳುತ್ತೇನೆ. ನಿಧಾನ, ನಿಜ. ಅತಿಥಿಗಳು ಕಾಯಲಿ. ಆದಕಾರಣ ನನ್ನ ಜಾಗವನ್ನು ನನಗೇ ಉಳಿಸಿಕೊಡಬೇಕಾಗಿ ವಿನಂತಿ.

ಇಂತಿ ನಿನ್ನ ತಂದೆ,
(ಸಹಿ) ತುರ್ದಾಕುನ್

ಮರೆತ ಮಾತು: ಯಾರ ಕೈಯನ್ನೂ ಹಿಡಿಯುವುದಿಲ್ಲವೆಂದದ್ದು ಸತ್ಯ. ಹಗ್ಗ ಹಿಡಿಯುವುದಿಲ್ಲವೆಂದು ಬರೆದಿಲ್ಲ. ಗಂಟು ನೀನೇ ಹಾಕು. ಬೇರೆಯವರ ಗಂಟನ್ನು ನಂಬಲಾರೆ. ಹಗ್ಗವೂ ಸಾಲದ ದಿನ ನಾನು ಮಾತು ಮುಂದುವರಿಸುತ್ತಾ ಕೂತಿರುತ್ತೇನೆ, ಅದೇ ನಿನಗೆ ಸನ್ನೆ. ಅತಿಥಿಗಳನ್ನೆಲ್ಲ ಕಳಿಸಿ, ಬಾಗಿಲ ಪರದೆ ಇಳಿಸಿ, ನನ್ನ ಬಳಿ ಬಾ.

ಲಗತ್ತು: ಉಣ್ಣೆಯ ಹಗ್ಗ ಒಂದು, ಸ್ವಂತ ಕೈಯಿಂದ ಹೊಸೆದದ್ದು. ಕೌದಿಗಳ ಹಿಂದೆ, ಗುಡಾರದ ಮರದ ಜಾಲರಿಗೆ ಕಟ್ಟಿ, ತುದಿಯನ್ನು ದಿಂಬಿನ ಕೆಳಗೆ ಮರೆಮಾಡತಕ್ಕದ್ದು.