ಆಲ್ಡರ್ ಫಾಲ್ಸ್ ಅಲ್ಲ, ಕೆಲ್ಸಿ

ಆಲ್ಡರ್ ಫಾಲ್ಸ್, ನ್ಯೂಯಾರ್ಕ್
೧೮ ಜುಲೈ ೧೯೮೭, ಶನಿವಾರ

ಪ್ರೀತಿಯ ತಾತಾ,

ನಮ್ಮ ಅಡುಗೆಮನೆಯ ಫೋನಿನ ಸುರುಳಿ ವಯರು ಸರಿಯಾಗಿ ಒಲೆಯವರೆಗೆ ಬರುತ್ತದೆ, ಅದರಾಚೆ ಒಂದು ಗೇಣೂ ಬರುವುದಿಲ್ಲ. ಇದು ನನ್ನ ಕಣ್ಣಿಗೆ ಬಿದ್ದದ್ದು ಇವತ್ತು ಬೆಳಿಗ್ಗೆ. ಮೊಟ್ಟೆ ಹುರಿಯುತ್ತ ನಿಂತಿದ್ದೆ, ಆ ಕಡೆಯಿಂದ ಯಾರೋ ಹೆಂಗಸು ತಮ್ಮ ರಸ್ತೆಯ ಮೋರಿ ಕಟ್ಟಿಕೊಂಡಿದೆ ಎಂದು ದೂರುತ್ತಿದ್ದರು. ಕೌಂಟಿ ಸಭೆಯ ಸದಸ್ಯನಾಗಿ ಇಪ್ಪತ್ತೆರಡು ವರ್ಷ ನೀನು ಇಲ್ಲೇ ನಿಂತು ಅದನ್ನು ಎಳೆದೆಳೆದು ಇಷ್ಟುದ್ದ ಮಾಡಿರಬೇಕು. ಇದೇ ಮನೆಯಲ್ಲಿ ಬೆಳೆದ ನನಗೆ ಗೊತ್ತಿರಲಿಲ್ಲ, ನೋಡು.

ಎದೆಯ ಹೊಲಿಗೆ ಒಣಗಿತೇ? ಅತ್ತೆಯ ಮನೆಯಲ್ಲಿ ಮಧ್ಯಾಹ್ನ ಮಲಗುತ್ತಿದ್ದೀಯಾ? ಸುಳ್ಳು ಹೇಳಬೇಡ, ಫೇ ಅತ್ತೆ ನನಗೆ ಬೇರೆಯಾಗಿ ಕಾಗದ ಬರೆಯುತ್ತಾಳೆ. ಉಪ್ಪಿಲ್ಲದ ಸಾರು ಕೊಟ್ಟಾಗ ನೀನು ಕಿಟಕಿಯ ಕಡೆ ತಿರುಗಿ ಕೂರುತ್ತೀಯಂತೆ. ಅವಳೂ ನಿನ್ನ ಮಗಳೇ ತಾತಾ, ಹಟದಲ್ಲಿ ಸೋಲುವವಳಲ್ಲ.

ಮೊದಲು ಒಳ್ಳೆಯ ಸುದ್ದಿ ಹೇಳಿಬಿಡುತ್ತೇನೆ: ನಾಮಪತ್ರ ಒಪ್ಪಿಗೆಯಾಗಿದೆ, ನವೆಂಬರಿನ ಮತಪತ್ರದಲ್ಲಿ ನಿನ್ನ ಹೆಸರಿರುತ್ತದೆ. ನಿನ್ನೆ ಸಂಜೆಯಿಂದ ನಾನು ಸರಿಯಾಗಿ ಉಸಿರಾಡುತ್ತಿದ್ದೇನೆ. ಅಲ್ಲಿಯವರೆಗಿನ ವಾರ ಹೇಗೆ ಹೋಯಿತು ಎಂಬುದನ್ನು ನಿನಗೆ ಯಾರೂ ಹೇಳಿಲ್ಲ. ಹೇಳಕೂಡದೆಂದು ನಾನೇ ಎಲ್ಲರಿಗೂ ಹೇಳಿದ್ದೆ.

ನಾಮಪತ್ರಕ್ಕೆ ತೊಂಬತ್ತನಾಲ್ಕು ಮತದಾರರ ಸಹಿ ಬೇಕಿದ್ದಲ್ಲಿ ನಾನು ನೂರ ಮೂವತ್ತೊಂದು ತಂದೆನೆಂದು ಬರೆದಿದ್ದೆನಲ್ಲ, ಹೇಗೆ ತಂದೆನೆಂದು ಬರೆದಿರಲಿಲ್ಲ. ಬಾಗಿಲು ತಟ್ಟುವುದು, ಹಾಳೆ ಚಾಚುವುದು, "ತಾತನಿಗೆ" ಎಂದು ಗೊಣಗುವುದು, ಅವರು ಬರೆದು ಮುಗಿಸುವ ತನಕ ನನ್ನ ಬೂಟು ನೋಡುತ್ತ ನಿಲ್ಲುವುದು. ಹಾಳೆಯನ್ನು ನೋಡಲೇ ಇಲ್ಲ. ಸೋಮವಾರ ಹೆಸ್ಟರ್ ನಮ್ಮ ಮೇಜಿನ ಮುಂದೆ ಕೂತು ಕನ್ನಡಕ ಏರಿಸಿದರು. ಮೂವತ್ತು ವರ್ಷದಿಂದ ಪಕ್ಷದ ಎಲ್ಲ ಹಾಳೆಗಳೂ ಅವರ ಕಣ್ಣಡಿಯಲ್ಲೇ ಹೋಗಬೇಕಲ್ಲ. ಮೂರನೆಯ ಹಾಳೆಗೆ ಕನ್ನಡಕ ತೆಗೆದೇಬಿಟ್ಟರು.

"ನಾಲ್ಕು ವರ್ಷ ಕಾಲೇಜಲ್ಲಿ ಅಷ್ಟೊಂದು ಪುಸ್ತಕ ಓದಿ ಬಂದೆ, ಈ ಕಾಲಂ ಮೇಲಿರೋ ಒಂದು ಪದ ಓದಕ್ಕಾಗ್ಲಿಲ್ವೇನೆ, ಕೊರಿನ್? 'ಟೌನ್' ಅಂತಿದೆ. ನಮ್ಮ ಊರು ಆಲ್ಡರ್ ಫಾಲ್ಸ್, ನಿಜ. ಆದ್ರೆ ಊರು, ಸುತ್ತಲ ಹೊಲ, ಎಲ್ಲಾ ಸೇರಿ ಟೌನ್ ಕೆಲ್ಸಿ. ಇವರೆಲ್ಲ ಆಲ್ಡರ್ ಫಾಲ್ಸ್ ಅಂತ ಬರೆದು ಕೂತಿದಾರಲ್ಲ! ನಮ್ಮ ಎದುರಾಳಿ ದೆಯೋ ಕಡೆಯೋನು ಸ್ಕೇಲ್ ಇಟ್ಕೊಂಡು ಒಂದೊಂದೇ ಹೊಡೆದುಹಾಕ್ತಾನೆ."

ಎಣಿಸಿದೆವು. ಸರಿಯಾಗಿದ್ದವು ಹನ್ನೊಂದು. ಅವೂ ಊರ ಹೊರಗಿನ ಕೆಲವು ಹೈನು ಮನೆಗಳವು. ಆ ಕಾಲಂ ಅನ್ನು ಪ್ರತಿ ಸಲವೂ ನೀನೇ ಮೊದಲು ತುಂಬಿಕೊಂಡು ಹೋಗುತ್ತಿದ್ದೆಯಂತೆ. ಒಂದು ಮಾತು ಹೇಳಿ ಹೋಗಬಾರದಿತ್ತೇ? ಆಸ್ಪತ್ರೆಗೆ ಹೊರಟವನನ್ನು ಹೀಗೆ ಕೇಳುವುದು ನನ್ನದೇ ತಪ್ಪು, ಬಿಡು. ಸಲ್ಲಿಸಲು ಗುರುವಾರ ಸಂಜೆ ಐದು ಗಂಟೆ ಕೊನೆ. ತಪ್ಪಿದರೆ ಮತಪತ್ರದಲ್ಲಿ ರಾಯ್ ದೆಯೋ ಒಬ್ಬರೇ. ಅವರು ಗೆದ್ದರೆ ಕೌಂಟಿಯ ವೃದ್ಧಾಶ್ರಮ ಮಾರುವ ಠರಾವಿಗೆ ಎಂಟು ಓಟು, ನಮ್ಮ ಕಡೆ ಏಳು.

ಮಂಗಳವಾರ ಹೊಸ ಹಾಳೆ ಹಿಡಿದು ಮತ್ತೆ ಅದೇ ಬಾಗಿಲುಗಳಿಗೆ ಹೋದೆ. ಈ ಸಲ ಗೊಣಗಿದರೆ ಸಾಲದು, ತಪ್ಪು ಬಿಡಿಸಿ ಹೇಳಬೇಕು. ಮೊದಲ ಮನೆ ಇರ್ಮಾ ಹಾಸ್‌ಬ್ರೂಕ್ ಅವರದು. ನಾನಿನ್ನೂ ಅರ್ಧ ಹೇಳಿದ್ದೆ ಅಷ್ಟೆ. ಅವರು ಪೆನ್ನು ಕಿತ್ತುಕೊಂಡು, "ಕೆಲ್ಸಿ ಅಂತಾನಾದ್ರೂ ಬರೀತೀನಿ, ಚಂದ್ರಲೋಕ ಅಂತಾನಾದ್ರೂ ಬರೀತೀನಿ. ನಮ್ಮ ಯಜಮಾನ್ರು ವಾಲ್ಟ್ ಆ ಆಶ್ರಮದಲ್ಲೇ ಇರ್ಬೇಕು ಅಷ್ಟೆ. ನನ್ನ ಗುರುತು ಸಿಗಲ್ಲ ಅವರಿಗೆ, ಆದ್ರೂ ದಿನಾ ನಡ್ಕೊಂಡು ಹೋಗಿ ಗಡ್ಡ ಮಾಡ್ತೀನಿ. ಆಶ್ರಮ ಮುಚ್ಚಿ ಎಪ್ಪತ್ತು ಮೈಲಿ ಆಚೆ ಹಾಕಿದ್ರೆ ಯಾರು ಮಾಡ್ತಾರೆ? ನಂಗೆ ಕಾರು ಓಡಿಸಕ್ಕೆ ಬರಲ್ಲಮ್ಮ" ಎಂದರು.

ಹೋದಲ್ಲೆಲ್ಲ ಸಹಿಯ ಜೊತೆ ನಿನ್ನ ಮೇಲಿನ ದೂರುಗಳೂ ಬಂದವು, ತಗೋ. ಆಸ್ಟ್ರ್ಯಾಂಡರ್ ಹಾಲು ಕರೆಯುವುದನ್ನು ನಿಲ್ಲಿಸಿ ಕೈ ಒರೆಸಿಕೊಂಡು, "ನಿಮ್ಮ ತಾತ ನಂಗೆ ಸುಳ್ಳು ಹೇಳಿರೋದು ಒಂದೇ ಸಲ. ಸೇತುವೆ ಮುಂದಿನ ಬೇಸಿಗೆಗೆ ಅಂದ, ಐದು ಬೇಸಿಗೆ ಆಯ್ತು. ಆ ಐದೂ ವರ್ಷ ನನ್ನ ಮಕ್ಕಳನ್ನ ತನ್ನ ಗಾಡೀಲಿ ಸುತ್ತುಹಾಕಿ ಶಾಲೆಗೆ ಬಿಟ್ಟ ಅನ್ನು" ಎಂದರು. ನಾನು ಕೇಳಿಯೇ ಇರದ ಮಾತು. ದರ್ಜಿ ಬರ್ನಿಸ್, "ನಾನಂತೂ ನಿಮ್ಮ ತಾತನಿಗೆ ಓಟು ಹಾಕಲ್ಲ, ಗೊತ್ತಲ್ಲ? ಆದ್ರೆ ಸೋಲಿಸೋಕೆ ಹೆಸರು ಅಲ್ಲಿರ್ಬೇಕಲ್ಲ, ಕೊಡು" ಎಂದು ಸಹಿ ಹಾಕಿದರು.

ಬುಧವಾರ ಸಂಜೆಗೆ ಐವತ್ತೆಂಟು. ಅವತ್ತು ಅಗ್ನಿಶಾಮಕ ದಳದ ಶೆಡ್ಡಿನಲ್ಲಿ ಕೆಂಡದ ಕೋಳಿಯ ಊಟ. ಸಾಲು ರಸ್ತೆಯವರೆಗೂ ಇತ್ತು. ಹೆಸ್ಟರ್ ನನ್ನ ಬೆನ್ನಿಗೆ ಕೈಯಿಟ್ಟು ಬೆಂಚು ಹತ್ತಿಸಿದರು. "ಅರ್ಧ ಊರು ಇಲ್ಲೇ ನಿಂತಿದೆ, ಬಾಯಿ ಬಿಡು!" ಎಲ್ಲರ ಕೈಯಲ್ಲೂ ತಟ್ಟೆ, ಎಲ್ಲರ ಕಣ್ಣೂ ನನ್ನ ಮೇಲೆ. ತಪ್ಪು ನನ್ನದು, ನಾವಿರುವುದು ಆಲ್ಡರ್ ಫಾಲ್ಸಿನಲ್ಲೇ ಆದರೂ ಕಾಯಿದೆಯ ಪ್ರಕಾರ ಕೆಲ್ಸಿಯಲ್ಲಿ ಎಂದೆ. ಹಿಂದಿನಿಂದ ಕ್ಷೌರದ ಅಂಗಡಿಯ ಡೆಲ್ಬರ್ಟ್, "ಹಂಗಾದ್ರೆ ನಲವತ್ತು ವರ್ಷದಿಂದ ನಾನು ಯಾರ ಮನೇಲಿ ಮಲಗ್ತಿದೀನಿ?" ಎಂದ. ಅವನ ಹೆಂಡತಿ, "ಅದನ್ನೇ ನಾನೂ ಕೇಳ್ಬೇಕು ಅಂತಿದ್ದೆ" ಅಂದಳು. ಶೆಡ್ಡೆಲ್ಲ ನಗು. ಕೋಳಿಯ ಸಾಲು ಹಾಗೇ ಮುರಿದು ನನ್ನ ಕಡೆ ತಿರುಗಿತು, ತಾತಾ. ಹಾಳೆಗಳ ತುಂಬ ಜಿಡ್ಡಿನ ಬೆರಳಚ್ಚು. ಟೌನ್ ಕಾಲಂನಲ್ಲಿ ಮಾತ್ರ ಮೇಲಿಂದ ಕೆಳಗೆ ಕೆಲ್ಸಿ, ಕೆಲ್ಸಿ, ಕೆಲ್ಸಿ.

ಗುರುವಾರ ನಾಲ್ಕು ನಲವತ್ತಕ್ಕೆ ನೂರ ಇಪ್ಪತ್ತಾರು ಸಲ್ಲಿಸಿದೆವು. ನಿನ್ನೆ ಇಡೀ ದಿನ ದೆಯೋ ಕಡೆಯವನು ಸ್ಕೇಲ್ ಇಟ್ಟು ನೋಡಿದ, ಏಳು ಹೊಡೆಯಬಹುದೆಂದ, ಟೋಪಿ ಹಾಕಿಕೊಂಡು ಹೊರಟ. ಸಂಜೆ ದೆಯೋ ಅವರೇ ಫೋನು ಮಾಡಿದರು: "ತಕರಾರು ಹಾಕಲ್ಲ ಮಗು. ನಿಮ್ಮ ತಾತನಿಗೆ ಹೇಳು, ಹಾಳೆ ಪೂರ್ತಿ ಕೋಳಿ ವಾಸನೆ." ನಾನು ಫೋನಿಟ್ಟು ನೆಲದ ಮೇಲೇ ಕೂತುಬಿಟ್ಟೆ.

ಇರ್ಮಾ, ಆಸ್ಟ್ರ್ಯಾಂಡರ್, ಓಟು ಹಾಕದ ಬರ್ನಿಸ್ ಕೂಡ ನಿನ್ನನ್ನು ಕೇಳಿದರೆಂದು ಹೇಳಲು ಹೇಳಿದ್ದಾರೆ. ಫೇ ಅತ್ತೆಗೆ ನನ್ನ ಅಪ್ಪುಗೆ, ನಿನಗೆ ಅದರ ಎರಡರಷ್ಟು, ಹೊಲಿಗೆ ನೋಯದ ಹಾಗೆ.

ನಿನ್ನ
ಕೊರಿನ್

ತಾ.ಕ.: ಹೆಸ್ಟರ್ ಅವರ ಮಗ ಕಾರು ಚಾಲೂ ಮಾಡಿ ಬಾಗಿಲಲ್ಲಿ ಕಾಯುತ್ತಿದ್ದಾನೆ, ಈ ಕಾಗದ ಅವನ ಕೈಯಲ್ಲೇ ಬರುತ್ತಿದೆ. ಜೊತೆಗೆ ಇನ್ನೊಂದು ಹಾಳೆಯಿದೆ, ಉಮೇದುವಾರಿಕೆ ಹಿಂತೆಗೆದುಕೊಳ್ಳುವ ಪತ್ರ. ವೈದ್ಯರು ಇನ್ನು ಸಭೆಗಳೇ ಬೇಡ ಎಂದದ್ದನ್ನೂ, ಆಶ್ರಮದ ಓಟಿಗೋಸ್ಕರ ನೀನು ಅದನ್ನು ನಮ್ಮಿಂದ ಮುಚ್ಚಿಟ್ಟದ್ದನ್ನೂ ಅತ್ತೆ ಬರೆದಿದ್ದಾಳೆ. ಒಪ್ಪಿಗೆಯಾದ ಸಹಿಗಳು ಅಭ್ಯರ್ಥಿ ಹಿಂದೆ ಸರಿದರೂ ಸಾಯುವುದಿಲ್ಲವಂತೆ. ಸಹಿ ಹಾಳೆಯ ಮೇಲ್ಭಾಗದಲ್ಲಿ ಅದಕ್ಕೆಂದೇ ಹೆಸರಿಸಿರುವ ಮೂವರು ಸೇರಿ ಬೇರೊಬ್ಬರನ್ನು ನಿಲ್ಲಿಸಬಹುದು. ನಿನಗೆ ಇಷ್ಟವಿದ್ದರೆ ಮಾತ್ರ ಸಹಿ ಹಾಕಿ ಸೋಮವಾರದೊಳಗೆ ಅವನ ಕೈಯಲ್ಲೇ ಕಳಿಸು. ಇಲ್ಲದಿದ್ದರೆ ಹರಿದುಹಾಕು, ನಿನ್ನ ಹೆಸರಿಗೇ ಮನೆಮನೆ ತಿರುಗುತ್ತೇನೆ. ಹಿಂದೆ ಸರಿದರೆ ಯಾರನ್ನು ನಿಲ್ಲಿಸೋಣ ಎಂದು ಹೆಸ್ಟರ್ ಕೇಳಿದಾಗ, ಬೇರೆ ಹೆಸರು ಬರುವ ಮೊದಲೇ, ನಾನು ನಿಲ್ಲುತ್ತೇನೆ ಎಂದಿದ್ದೇನೆ.